ಓದುಗರ ಪ್ರಶ್ನೆಗಳಿಗೆ ಉತ್ತರ: ಮಕ್ಕಳು, ಮೊಬೈಲ್ ಮತ್ತು ಸಭೆಯ ಸೇವೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲ್ ಮತ್ತು ಸಾಮಾಜಿಕ ಜಾಲತಾಣಗಳಿಗೆ ಸಂಬಂಧಿಸಿದವು. ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟು ಕೆಲವನ್ನು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಸಂಡೇ ಸ್ಕೂಲ್‌ನ ದೊಡ್ಡ ಮಕ್ಕಳ ತರಗತಿಗೆ ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಕಂಠಪಾಠದ ವಚನ, ಹಾಡಿನ ಅಭ್ಯಾಸದ ಸಮಯ ಎಲ್ಲವೂ ಅದರಲ್ಲೇ ಬರುತ್ತದೆ. ಈಗ ಸಭೆಯ ಇನ್‌ಸ್ಟಾಗ್ರಾಂ ಪುಟ ನೋಡಲು ತನಗೂ ಒಂದು ಖಾತೆ ಬೇಕೆಂದು ಹಟ ಹಿಡಿದಿದ್ದಾಳೆ. ಹುಟ್ಟಿದ ವರ್ಷವನ್ನು ಹಿಂದಕ್ಕೆ ಹಾಕಿದರೆ ಆಗುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ತರಗತಿಯ ಅಕ್ಕನೇ ಹೇಳಿಕೊಟ್ಟರಂತೆ. ದೇವರ ಕೆಲಸಕ್ಕೆ ತಾನೇ ಎಂದು ಒಪ್ಪಿಕೊಳ್ಳಬಹುದೇ? — ಒಬ್ಬ ತಾಯಿ

ಉತ್ತರ: ಒಪ್ಪಬೇಡಿ, ಸಹೋದರಿ. ಸತ್ಯವೇದದ ವಚನವನ್ನು ಕಲಿಯುವ ಜಾಗಕ್ಕೆ ಸುಳ್ಳು ಹೇಳಿ ಒಳಗೆ ಹೋಗಬಹುದು ಎಂಬ ಪಾಠವನ್ನು ನಿಮ್ಮ ಮಗಳು ಆ ವಾರದ ವಚನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾಳೆ. ಹೇಳಿಕೊಟ್ಟ ಆ ಅಕ್ಕನಲ್ಲಿ ಕೆಟ್ಟ ಉದ್ದೇಶವೇನೂ ಇರಲಾರದು. ಆದರೂ ಅವರೊಬ್ಬರೊಡನೆಯೇ ಕುಳಿತು ಸಮಾಧಾನವಾಗಿ ಈ ಮಾತನ್ನು ಆಡಲೇಬೇಕು.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಸ್ವಂತ ಖಾತೆ ತೆರೆಯಲು ಕನಿಷ್ಠ ವಯಸ್ಸು 13. ಹದಿಮೂರಕ್ಕೆ ಮಗುವಿನ ಮನಸ್ಸು ಬಲಿತಿರುತ್ತದೆ ಎಂದು ಯಾರೋ ಪರೀಕ್ಷಿಸಿ ನೋಡಿ ಇಟ್ಟ ಗೆರೆಯಲ್ಲ ಅದು. ಹದಿಮೂರು ತುಂಬದ ಮಕ್ಕಳ ಮಾಹಿತಿಯನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು; ಆ ಒಪ್ಪಿಗೆಯನ್ನು ಪಡೆಯುವ ತೊಡಕು ಬೇಡವೆಂದು ಕಂಪನಿಗಳು ಅದಕ್ಕಿಂತ ಚಿಕ್ಕವರನ್ನು ಹೊರಗಿಟ್ಟವು. ಆದ್ದರಿಂದ ಹದಿಮೂರು ತುಂಬಿದ ದಿನವೇ ಖಾತೆ ಕೊಡಬೇಕೆಂಬ ಕಡ್ಡಾಯವೂ ನಿಮಗಿಲ್ಲ. ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಇಂಥ ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆದಿದೆ.

ಸುಳ್ಳು ವರ್ಷ ಹಾಕುವುದರಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಅಪಾಯವಿದೆ. ಇನ್‌ಸ್ಟಾಗ್ರಾಂ 2024ರಿಂದ ಹದಿಹರೆಯದವರ ಖಾತೆಗಳಿಗೆ ಬೇರೆಯೇ ಕಟ್ಟುಪಾಡುಗಳನ್ನು ತಂದಿದೆ. ಆ ಖಾತೆಗಳು ಮೊದಲಿನಿಂದಲೇ ಖಾಸಗಿಯಾಗಿರುತ್ತವೆ, ಗುರುತಿಲ್ಲದವರು ನೇರವಾಗಿ ಸಂದೇಶ ಕಳುಹಿಸಲಾಗುವುದಿಲ್ಲ, ಹದಿನಾರರೊಳಗಿನವರು ಈ ಕಟ್ಟನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಇವೆಲ್ಲವೂ ಹೆಚ್ಚಾಗಿ ನಿಂತಿರುವುದು ಖಾತೆ ತೆರೆಯುವಾಗ ಕೊಟ್ಟ ಹುಟ್ಟಿದ ದಿನಾಂಕದ ಮೇಲೆ. ಹನ್ನೆರಡರ ಹುಡುಗಿ ತನಗೆ ಹತ್ತೊಂಬತ್ತು ಎಂದು ಬರೆದರೆ ಆ ಜಾಲತಾಣ ಅವಳನ್ನು ವಯಸ್ಕಳೆಂದೇ ನಂಬಿ ಬಾಗಿಲು ತೆರೆದಿಡುವ ಸಾಧ್ಯತೆ ಹೆಚ್ಚು. ಅವಳನ್ನು ಕಾಯಬೇಕಾದ ಬೇಲಿಯನ್ನು ನಾವೇ ಕಿತ್ತಂತಾಗುತ್ತದೆ.

ಗ್ರೂಪ್‌ನ ವಿಷಯದಲ್ಲಿ ಸಂಡೇ ಸ್ಕೂಲ್ ಮೇಲ್ವಿಚಾರಕರಿಗೆ ನೀವು ಕೇಳಬೇಕಾದದ್ದು ಇಷ್ಟೇ: ಈ ವಯಸ್ಸಿನವರ ಗ್ರೂಪ್‌ನಲ್ಲಿ ಮಕ್ಕಳ ಬದಲು ಹೆತ್ತವರಿರಲಿ. ವಾಟ್ಸಾಪ್‌ನ ಸಾಮಾನ್ಯ ಗ್ರೂಪ್‌ನಲ್ಲಿ ಒಬ್ಬರ ಫೋನ್ ನಂಬರ್ ಉಳಿದೆಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ಮಗುವಿಗೆ ಪ್ರತ್ಯೇಕವಾಗಿ ಬರೆಯಬಹುದು. ಹದಿಹರೆಯದವರ ಗ್ರೂಪ್ ಮಾಡುವುದಾದರೂ ಕನಿಷ್ಠ ಇಬ್ಬರು ದೊಡ್ಡವರು ಅದರಲ್ಲಿರಬೇಕು; ತರಗತಿ ನಡೆಸುವವರು ಯಾವ ಮಗುವಿನೊಂದಿಗೂ ಖಾಸಗಿಯಾಗಿ ಚಾಟ್ ಮಾಡಬಾರದು; ಸಂದೇಶಗಳು ತಾವಾಗಿ ಅಳಿಸಿಹೋಗುವ ಸೌಲಭ್ಯವನ್ನು ಬಳಸಬಾರದು. ಇದನ್ನು ಸಭೆಯ ನಿಯಮವಾಗಿ ಬರೆದಿಟ್ಟರೆ ಪ್ರಾಮಾಣಿಕವಾಗಿ ದುಡಿಯುವ ಶಿಕ್ಷಕರಿಗೂ ಅದು ರಕ್ಷಣೆಯೇ.

ಮಗಳು ಅಳುತ್ತಾಳೆ, ಸಿಟ್ಟಾಗುತ್ತಾಳೆ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿರಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದ ಮಾತು (3:21) ಇಂಥ ಹೊತ್ತಿಗೇ ಬೇಕಾದದ್ದು. ಬೇಡವೆಂದು ಹೇಳಿ ಎದ್ದುಹೋಗದೆ ಕಾರಣವನ್ನು ಪೂರ್ತಿಯಾಗಿ ತಿಳಿಸಿ, ಸಭೆಯ ಪುಟವನ್ನು ನಿಮ್ಮ ಫೋನಿನಲ್ಲಿ ಇಬ್ಬರೂ ಸೇರಿ ನೋಡಿ, ಮತ್ತೆ ಯಾವಾಗ ಈ ವಿಷಯ ಮಾತಾಡೋಣ ಎಂದು ಒಂದು ದಿನವನ್ನು ಗೊತ್ತುಮಾಡಿ.

ಪ್ರಶ್ನೆ: ನಮ್ಮ ಸಭೆಯ ಪುಟವನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಮಕ್ಕಳ ರಜಾಕಾಲದ ಬೈಬಲ್ ಶಾಲೆಯ ಚಿತ್ರಗಳನ್ನು ಹಾಕಿದಾಗ ಒಬ್ಬ ತಂದೆ ತಮ್ಮ ಮಗುವಿನ ಚಿತ್ರ ತೆಗೆಯುವಂತೆ ಹೇಳಿದರು. ತೆಗೆದೆ. ಆದರೆ ಬೇರೆಯವರು "ಸುವಾರ್ತೆಯ ಕೆಲಸಕ್ಕೆ ಅಡ್ಡಿಮಾಡುವುದೇ" ಎಂದು ಅವರನ್ನು ಟೀಕಿಸುತ್ತಿದ್ದಾರೆ. ಯಾರು ಸರಿ? — ಯುವಜನರ ನಾಯಕ

ಉತ್ತರ: ಆ ತಂದೆ ಸರಿ, ಕೇಳಿದ ಕೂಡಲೇ ತೆಗೆದ ನೀವೂ ಸರಿ. ಟೀಕಿಸುವವರಿಗೆ ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿಸಿ. ಸತ್ತುಹೋಗಿದ್ದ ಯಾಯೀರನ ಮಗಳಿಗೆ ಹನ್ನೆರಡು ವರ್ಷ. ಮನೆ ತುಂಬ ಜನ. ಯೇಸು ಅವರೆಲ್ಲರನ್ನೂ ಹೊರಗೆ ಕಳುಹಿಸಿ, ಹುಡುಗಿಯ ತಂದೆತಾಯಿಗಳನ್ನೂ ಮೂವರು ಶಿಷ್ಯರನ್ನೂ ಮಾತ್ರ ಕರೆದುಕೊಂಡು ಒಳಗೆ ಹೋದನು. ಸತ್ತವಳು ಎದ್ದು ನಡೆದಾಡಿದಳು. ಸುದ್ದಿಯಾಗಬೇಕಾದರೆ ಇದಕ್ಕಿಂತ ದೊಡ್ಡದು ಯಾವುದಿತ್ತು? ಆದರೆ ಇದು ಯಾರಿಗೂ ತಿಳಿಯಬಾರದೆಂದು ಆತನು ಕಟ್ಟಪ್ಪಣೆ ಮಾಡಿ, ಅವಳಿಗೆ ತಿನ್ನಲು ಏನಾದರೂ ಕೊಡಿರಿ ಎಂದನು. ತನ್ನ ಸೇವೆಯ ಹೆಸರು ಹರಡುವುದಕ್ಕಿಂತ ಆ ಹುಡುಗಿಯ ಹಸಿವು ಆತನಿಗೆ ಮೊದಲು ಕಂಡಿತು. ಈ ಭಾಗವನ್ನು ಓದುವಾಗಲೆಲ್ಲ, ನಾವು ಆ ಮನೆಯೊಳಗೆ ಫೋನ್ ಹಿಡಿದು ನಿಂತಿದ್ದರೆ ಕರ್ತನು ನಮ್ಮನ್ನೂ ಜನರೊಡನೆ ಹೊರಗೆ ಕಳುಹಿಸುತ್ತಿದ್ದನೆಂದೇ ನನಗನಿಸುತ್ತದೆ.

ಇದರರ್ಥ ಚಿತ್ರವೇ ಬೇಡವೆಂದಲ್ಲ. ಮೊದಲೇ ಬರವಣಿಗೆಯಲ್ಲಿ ಹೆತ್ತವರ ಒಪ್ಪಿಗೆ ಪಡೆಯಿರಿ, ಯಾವಾಗ ಬೇಕಾದರೂ ಅದನ್ನು ಹಿಂತೆಗೆದುಕೊಳ್ಳಬಹುದೆಂದು ಅದರಲ್ಲೇ ಬರೆಯಿರಿ, ಬುದ್ಧಿ ತಿಳಿದ ಮಗುವನ್ನೂ ಕೇಳಿ. ಚಿತ್ರದ ಜೊತೆ ಮಗುವಿನ ಪೂರ್ತಿ ಹೆಸರು, ಶಾಲೆಯ ಸಮವಸ್ತ್ರ, ಇರುವ ಸ್ಥಳ ಕಾಣಿಸದಿರಲಿ. ಬಣ್ಣ ಹಚ್ಚುತ್ತಿರುವ ಕೈಗಳು, ಹಿಂದಿನಿಂದ ಕಾಣುವ ಸಾಲು, ಮಕ್ಕಳು ಮಾಡಿದ ಚಿತ್ರಪಟ ಇವುಗಳೇ ಎಷ್ಟೋ ಸಲ ಮುಖಗಳಿಗಿಂತ ಚೆನ್ನಾಗಿ ಆ ದಿನದ ಸಂತೋಷವನ್ನು ಹೇಳುತ್ತವೆ. ಕಷ್ಟದಲ್ಲಿರುವ ಕುಟುಂಬಗಳ ಮಕ್ಕಳಿಗೆ ಪುಸ್ತಕವನ್ನೋ ಬಟ್ಟೆಯನ್ನೋ ಕೊಡುವ ಚಿತ್ರವನ್ನಂತೂ ಯಾರ ಒಪ್ಪಿಗೆ ಇದ್ದರೂ ಹಾಕಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಆಜ್ಞೆ (ಮತ್ತಾಯ 6:3) ಅಲ್ಲಿ ನೇರವಾಗಿಯೇ ಅನ್ವಯಿಸುತ್ತದೆ. ಮೇಲಾಗಿ ಆ ಮಗು ನಾಳೆ ತನ್ನ ಸಹಪಾಠಿಗಳ ಎದುರು ಆ ಚಿತ್ರವನ್ನು ಹೊತ್ತುಕೊಂಡು ಬದುಕಬೇಕು.

ದೀಕ್ಷಾಸ್ನಾನದ ವಿಡಿಯೊಗಳಿಗೂ ಇದೇ ಎಚ್ಚರ ಬೇಕು. ದೀಕ್ಷಾಸ್ನಾನ ಪಡೆದವರು ತಮ್ಮ ಮನೆಯವರಿಗೆ ಯಾವಾಗ, ಹೇಗೆ ಹೇಳಬೇಕೆಂಬುದನ್ನು ಅವರೇ ತೀರ್ಮಾನಿಸಲಿ.

ಪ್ರಶ್ನೆ: ನನ್ನ ಯಜಮಾನರು ಸಭಾಪಾಲಕರು. ಪ್ರತಿದಿನ ಬೆಳಿಗ್ಗೆ ಫೇಸ್‌ಬುಕ್ ಲೈವ್‌ನಲ್ಲಿ ಧ್ಯಾನ, ರಾತ್ರಿ ಯೂಟ್ಯೂಬ್‌ನಲ್ಲಿ ಪ್ರಾರ್ಥನೆ, ನಡುವೆ ದಿನವಿಡೀ ಸಂದೇಶಗಳು. ಎಷ್ಟೋ ಜನರಿಗೆ ಇದರಿಂದ ಸಮಾಧಾನ ಸಿಕ್ಕಿರುವುದು ನಿಜ. ಆದರೆ ಮೊನ್ನೆ ಊಟಕ್ಕೆ ಕೂತಾಗ ನಮ್ಮ ಎಂಟು ವರ್ಷದ ಮಗ ಅವರ ಫೋನನ್ನು ಮಗುಚಿಟ್ಟು, "ಅಪ್ಪಾ, ನಾನೂ ಪ್ರಾರ್ಥನಾ ವಿನಂತಿ ಕಳುಹಿಸಿದರೆ ನನ್ನ ಹತ್ತಿರ ಮಾತಾಡ್ತೀರಾ?" ಎಂದು ಕೇಳಿದ. ಅವರು ನಕ್ಕು ಸುಮ್ಮನಾದರು, ನನಗೆ ಊಟ ಸೇರಲಿಲ್ಲ. ಸೇವೆಗೆ ಅಡ್ಡ ಬಂದ ಪಾಪ ನನಗೆ ಬೇಡ. ಏನು ಮಾಡಲಿ? — ಸಭಾಪಾಲಕರ ಪತ್ನಿ

ಉತ್ತರ: ಅಮ್ಮಾ, ಈ ಉತ್ತರವನ್ನು ನಿಮ್ಮ ಯಜಮಾನರೂ ಓದಲಿ ಎಂದೇ ಬರೆಯುತ್ತಿದ್ದೇನೆ. ನೀವು ಸೇವೆಗೆ ಅಡ್ಡ ಬರುತ್ತಿಲ್ಲ. ಸಭಾಧ್ಯಕ್ಷನಾಗುವವನ ಯೋಗ್ಯತೆಗಳನ್ನು ಹೇಳುವಾಗ ಪೌಲನು, ತನ್ನ ಮನೆಯವರನ್ನು ನೋಡಿಕೊಳ್ಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ಪರಾಂಬರಿಸಾನು ಎಂದು ಕೇಳುತ್ತಾನೆ (1 ತಿಮೊಥೆಯ 3:5). ಹೀಗೆ ನೋಡಿದರೆ ನಿಮ್ಮ ಮಗನ ಪ್ರಶ್ನೆ ಸಭೆಯ ಸೇವೆಯೊಳಗಿನದೇ.

ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯವನ್ನು ನಾಯಕತ್ವದ ತರಬೇತಿಗಳಲ್ಲೆಲ್ಲ ಬೋಧಿಸುತ್ತಾರೆ. ಮೋಶೆ ಬೆಳಗಿನಿಂದ ಸಂಜೆಯ ತನಕ ಜನರ ನ್ಯಾಯ ತೀರಿಸುತ್ತ ಕೂತಿದ್ದನು, ಮಾವನಾದ ಇತ್ರೋ ಅದನ್ನು ನೋಡಿ ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುವಿ ಜನರೂ ಬಳಲುವರು, ಯೋಗ್ಯರನ್ನು ಆರಿಸಿ ಕೆಲಸ ಹಂಚು ಎಂದನು ಎಂಬುದು ಎಲ್ಲರಿಗೂ ಗೊತ್ತು. ಇತ್ರೋ ಅಲ್ಲಿಗೆ ಬಂದದ್ದಾದರೂ ಏಕೆ ಎಂಬುದನ್ನು ಮಾತ್ರ ನಾವು ದಾಟಿಹೋಗುತ್ತೇವೆ. ತವರಿನಲ್ಲಿ ಉಳಿದಿದ್ದ ಮೋಶೆಯ ಹೆಂಡತಿ ಚಿಪ್ಪೋರಳನ್ನೂ ಗೇರ್ಷೋಮ್, ಎಲೀಯೆಜೆರ್ ಎಂಬ ಇಬ್ಬರು ಗಂಡುಮಕ್ಕಳನ್ನೂ ಅವನು ಜೊತೆಗೆ ಕರೆತಂದಿದ್ದನು. ಮಾರನೆಯ ದಿನವೇ ಅಳಿಯ ಬೆಳಗಿನಿಂದ ರಾತ್ರಿಯವರೆಗೆ ಜನರ ನಡುವೆ ಕೂತದ್ದನ್ನು ಆ ಮುದುಕ ಕಂಡನು. ಮಗಳನ್ನೂ ಮೊಮ್ಮಕ್ಕಳನ್ನೂ ತಲುಪಿಸಲು ಬಂದವನ ಕಣ್ಣಿಗೆ ಆ ಸಾಲು ಹೇಗೆ ಕಂಡಿರಬೇಕು! ಮೋಶೆ ಮಾವನ ಮಾತಿಗೆ ಕಿವಿಗೊಟ್ಟು ಎಲ್ಲವನ್ನೂ ಅದರಂತೆ ಮಾಡಿದನು. ಸಿಟ್ಟಾಗಲಿಲ್ಲ, ದೇವರ ಕರೆಯನ್ನು ಮುಂದೆಮಾಡಿ ವಾದಿಸಲಿಲ್ಲ.

ಮೋಶೆಯ ಮುಂದಿನ ಸಾಲು ಸಂಜೆಗಾದರೂ ಕರಗುತ್ತಿತ್ತು, ಫೋನಿನಲ್ಲಿರುವ ಸಾಲು ಕರಗುವುದಿಲ್ಲ. ಕೆಳಕ್ಕೆ ಸರಿಸಿದಷ್ಟೂ ಹೊಸದು ಬರುವಂತೆಯೇ ಇವುಗಳನ್ನು ಕಟ್ಟಿದ್ದಾರೆ. 2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದ ಮೇಲೆ ಪ್ರತಿಯೊಂದು ಮಾತಿಗೂ ಒಂದು ಸಂಖ್ಯೆ ಅಂಟಿಕೊಂಡಿತು. ದೇವರ ವಾಕ್ಯವನ್ನು ಸಾರುವವನಿಗೂ ನಿನ್ನೆ ಎಷ್ಟು ಮಂದಿ ನೋಡಿದರು, ಇಂದೇಕೆ ಕಡಿಮೆಯಾಯಿತು ಎಂಬ ಲೆಕ್ಕ ಮನಸ್ಸಿಗೆ ನುಸುಳುತ್ತದೆ. ಪ್ರಾರ್ಥಿಸುತ್ತಿರುವಾಗಲೇ ಕಣ್ಣು ಕಾಮೆಂಟುಗಳ ಕಡೆ ಹೊರಳುತ್ತದೆ. ಇದು ಯಾವೊಬ್ಬರ ದೌರ್ಬಲ್ಯವೂ ಅಲ್ಲ, ಆ ಸಾಧನದ ಸ್ವಭಾವವೇ ಅಂಥದ್ದು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಬಂದು ಹೇಳಿದಾಗ ಯೇಸು ಆ ಜನರ ಬಳಿಗೆ ಹಿಂದಿರುಗದೆ, ಬೇರೆ ಊರುಗಳಿಗೆ ಹೋಗೋಣ ಎಂದನು (ಮಾರ್ಕ 1:37-38). ಹುಡುಕುವವರೆಲ್ಲರಿಗೂ ಸಿಗಲೇಬೇಕೆಂಬ ನಿಯಮವನ್ನು ಕರ್ತನೇ ತನಗೆ ಹಾಕಿಕೊಳ್ಳಲಿಲ್ಲ.

ಈಗ ಮಾಡಬೇಕಾದ ಕೆಲಸ. ಸಭೆಗೆ ಬೇರೆಯೇ ನಂಬರ್ ಇರಲಿ, ಆ ಫೋನ್ ಊಟದ ಕೋಣೆಗೂ ಮಲಗುವ ಕೋಣೆಗೂ ಬರದಿರಲಿ. ಆ ನಂಬರಿಗೆ ಬರುವ ವಿನಂತಿಗಳನ್ನು ಹಿರಿಯರಲ್ಲಿ ಇಬ್ಬರು ಮೂವರು ಸರದಿಯ ಮೇಲೆ ನೋಡಲಿ. ಹೆಂಗಸರ ವಿನಂತಿಗಳಿಗೆ ಒಬ್ಬ ಹಿರಿಯ ಸಹೋದರಿ ಉತ್ತರಿಸಲಿ. ಉತ್ತರ ಸಿಗುವ ಹೊತ್ತು ಯಾವುದೆಂದು ಪುಟದಲ್ಲಿಯೇ ಬರೆದು, ಸಾವು ಅಥವಾ ಆಸ್ಪತ್ರೆಯಂಥ ತುರ್ತಿದ್ದರೆ ನೇರವಾಗಿ ಕರೆ ಮಾಡಲು ತಿಳಿಸಿ. ಎರಡು ಹೊತ್ತಿನ ಲೈವ್‌ನಲ್ಲಿ ಒಂದನ್ನು ಬಿಡಬಹುದು, ಇಲ್ಲವೇ ವಾರಕ್ಕೊಮ್ಮೆ ಮೊದಲೇ ಚಿತ್ರೀಕರಿಸಿಟ್ಟುಕೊಳ್ಳಬಹುದು. ಕೇಳಿದವರ ಸಂಖ್ಯೆಯನ್ನು ಸಭೆಯ ಕಮಿಟಿಯ ವರದಿಯಲ್ಲಿ ಓದುವ ಪದ್ಧತಿಯಿದ್ದರೆ ಅದನ್ನು ನಿಲ್ಲಿಸಿ. ಇನ್ನೊಂದು ಮಾತನ್ನು ಸಭಾಪಾಲಕರಾದ ಸಹೋದರರಿಗೇ ಹೇಳಬೇಕು: ಮಗ ಕೇಳಿದ ಈ ಪ್ರಶ್ನೆಯನ್ನು ಮನಕರಗುವ ಉದಾಹರಣೆಯಾಗಿ ನಾಳೆಯ ಧ್ಯಾನದಲ್ಲಿ ಹೇಳಿಬಿಡಬೇಡಿ. ಅದು ಅವನು ನಿಮ್ಮೊಬ್ಬರಿಗೆ ಹೇಳಿದ ಮಾತು, ಉತ್ತರವನ್ನೂ ಅವನಿಗೇ ಕೊಡಿ.

ಪ್ರಶ್ನೆ: ನಮ್ಮ ಪ್ರಾರ್ಥನಾ ಗ್ರೂಪ್‌ನಲ್ಲಿ ನನ್ನ ಸಂಸಾರದ ಕಷ್ಟವನ್ನು ಒಬ್ಬರು ನನ್ನ ಹೆಸರು ಸಹಿತ ಹಾಕಿ "ಭಾರವಾಗಿ ಪ್ರಾರ್ಥಿಸಿರಿ" ಎಂದು ಬರೆದರು. ಎರಡೇ ದಿನದಲ್ಲಿ ಅದು ನನ್ನ ಅತ್ತೆಯವರ ಕಡೆಯವರಿಗೆ ತಲುಪಿತು. ಕ್ಷಮಿಸಿದ್ದೇನೆ, ಆದರೆ ಸಭೆಗೆ ಹೋಗಲು ಕಾಲೇಳುತ್ತಿಲ್ಲ. — ಒಬ್ಬ ಸಹೋದರಿ

ಉತ್ತರ: ನಿಮಗೆ ಆದದ್ದು ಅನ್ಯಾಯ. ಕ್ಷಮಿಸಿದ್ದೀರಿ ಎಂಬ ಕಾರಣಕ್ಕೆ ಅದನ್ನು ಅನ್ಯಾಯವೆನ್ನದೆ ಇರಬೇಕಾಗಿಲ್ಲ. ಚಾಡಿಕೋರನು ಗುಟ್ಟನ್ನು ರಟ್ಟುಮಾಡುವನು, ನಂಬಿಗಸ್ತನು ಸಂಗತಿಯನ್ನು ಗುಪ್ತವಾಗಿಡುವನು ಎಂದು ಜ್ಞಾನೋಕ್ತಿಯಲ್ಲಿದೆ (11:13). ಪ್ರಾರ್ಥನೆಯ ರೂಪದಲ್ಲಿ ಬಂದ ಮಾತ್ರಕ್ಕೆ ಚಾಡಿಯ ಗುಣ ಬದಲಾಗುವುದಿಲ್ಲ. ಮತ್ತಾಯ 18:15ರಂತೆ ಬರೆದವರೊಬ್ಬರನ್ನೇ ಕಂಡು ಮಾತಾಡಿ. ಒಬ್ಬರೇ ಹೋಗುವ ಧೈರ್ಯವಿಲ್ಲದಿದ್ದರೆ ನೀವು ನಂಬುವ ಹಿರಿಯ ಸಹೋದರಿಯೊಬ್ಬರನ್ನು ಕರೆದುಕೊಂಡು ಹೋಗಿ.

ಇಂಥ ಗ್ರೂಪ್ ನಡೆಸುವವರೆಲ್ಲರೂ ಗಮನಿಸಬೇಕು. ವಾಟ್ಸಾಪ್‌ನಲ್ಲಿ ಹಾಕಿದ್ದನ್ನು ಸುಮಾರು ಎರಡು ದಿನಗಳೊಳಗೆ ಎಲ್ಲರಿಗೂ ಅಳಿಸಬಹುದು, ಆದರೆ ಅಷ್ಟರಲ್ಲಿ ಫಾರ್ವರ್ಡ್ ಆದ ಪ್ರತಿ ಅಳಿಯುವುದಿಲ್ಲ, ಅದನ್ನು ಮೊದಲು ಬರೆದವರ ಹೆಸರೂ ಅದರಲ್ಲಿ ಕಾಣುವುದಿಲ್ಲ. ಸಂಬಂಧಪಟ್ಟವರು ತಾವೇ ಒಪ್ಪಿದ ವಿಷಯ ಮಾತ್ರ, ಅವರು ಒಪ್ಪಿದಷ್ಟೇ ವಿವರದೊಂದಿಗೆ ಹೋಗಲಿ. "ಒಂದು ಕುಟುಂಬದ ಸಮಾಧಾನಕ್ಕಾಗಿ ಪ್ರಾರ್ಥಿಸಿ" ಎಂದರೆ ಸಾಕು. ಕೋಣೆಯ ಬಾಗಿಲು ಮುಚ್ಚಿ ಯಾರಿಗೆ ಪ್ರಾರ್ಥಿಸಬೇಕೆಂದು ಯೇಸು ಹೇಳಿದನೋ ಆ ತಂದೆಯಾದ ದೇವರಿಗೆ ಅದು ಯಾವ ಕುಟುಂಬವೆಂದು ತಿಳಿದಿದೆ.

ಪ್ರಶ್ನೆ: ನನ್ನ ಹದಿನಾರು ವರ್ಷದ ಮಗ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಹುಡುಗಿಯೆಂದು ಹೇಳಿಕೊಂಡು ಪರಿಚಯವಾದ ಯಾರೋ ಅವನಿಂದ ಬೆತ್ತಲೆ ಚಿತ್ರ ತರಿಸಿಕೊಂಡು, ಈಗ ಹಣ ಕೊಡದಿದ್ದರೆ ಸಭೆಯ ಪುಟದಲ್ಲಿರುವವರಿಗೆಲ್ಲ ಕಳುಹಿಸುತ್ತೇವೆಂದು ಹೆದರಿಸುತ್ತಿದ್ದಾರೆ. ಒಮ್ಮೆ ಹಣ ಕೊಟ್ಟಿದ್ದಾನೆ. ನಾನು ಹೊಡೆದು ಫೋನ್ ಕಿತ್ತುಕೊಂಡೆ. ಅವನನ್ನು ಆರಾಧನೆಯ ತಂಡದಿಂದ ಬಿಡಿಸಬೇಕೇ? ಸಭೆಯ ಮುಂದೆ ಒಪ್ಪಿಕೊಳ್ಳಲು ಹೇಳಬೇಕೇ? — ಒಬ್ಬ ತಂದೆ

ಉತ್ತರ: ಪತ್ರಿಕೆ ಬರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ನಿಮಗೆ ಖಾಸಗಿಯಾಗಿ ಆಗಲೇ ಬರೆದಿದ್ದೇವೆ, ಇದೇ ಸಂಕಟದಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಹೇಳುತ್ತೇನೆ.

ಮೊದಲು ಮಗನ ಪಕ್ಕದಲ್ಲಿ ಕೂರಿ. ಇಂಥ ಬೆದರಿಕೆಗೆ ಹೆದರಿ ಜೀವ ಕಳೆದುಕೊಂಡ ಹುಡುಗರಿದ್ದಾರೆ. ಹೊಡೆದದ್ದಕ್ಕೆ ಕ್ಷಮೆ ಕೇಳಿ, ಏನೇ ಆದರೂ ನೀನು ನನ್ನ ಮಗ ಎಂದು ಬಾಯಿಬಿಟ್ಟು ಹೇಳಿ, ರಾತ್ರಿಯ ಹೊತ್ತು ಒಬ್ಬನನ್ನೇ ಬಿಡಬೇಡಿ. ಮುಂದೆ ಒಂದು ಪೈಸೆಯನ್ನೂ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಸಂದೇಶಗಳನ್ನು ಅಳಿಸದೆ ಅವುಗಳ ಹಾಗೂ ಆ ಖಾತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಜಾಲತಾಣಕ್ಕೆ ದೂರು ಕೊಟ್ಟು ಖಾತೆಯನ್ನು ಬ್ಲಾಕ್ ಮಾಡಿ, ಪೊಲೀಸರ ಸೈಬರ್ ವಿಭಾಗಕ್ಕೆ ತಿಳಿಸಿ. ಹದಿನೆಂಟರೊಳಗಿನವರ ಇಂಥ ಚಿತ್ರಗಳು ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಅದರ ಅಂಕಿಗಳ ಗುರುತೊಂದು ನಿಮ್ಮ ಫೋನಿನಲ್ಲೇ ತಯಾರಾಗಿ, ಅದಷ್ಟೇ ಹೋಗುತ್ತದೆ. ಈ ವ್ಯವಸ್ಥೆಯಲ್ಲಿ ಸೇರಿರುವ ಜಾಲತಾಣಗಳು ಆ ಗುರುತಿನಿಂದ ಚಿತ್ರವನ್ನು ಪತ್ತೆಹಚ್ಚಿ ತೆಗೆಯಬಲ್ಲವು.

ನಿಮ್ಮ ಮಗ ಒಂದು ತಪ್ಪು ಮಾಡಿದ್ದಾನೆ, ಅವನ ಮೇಲೆ ಒಂದು ಅಪರಾಧ ನಡೆದಿದೆ. ಇವೆರಡನ್ನೂ ಬೆರೆಸಬೇಡಿ. ತಪ್ಪಿಗೆ 1 ಯೋಹಾನ 1:9 ಇದೆ. ಅವನು ದೇವರ ಮುಂದೆ ಒಪ್ಪಿಕೊಳ್ಳಲಿ, ನೀವು ಜೊತೆಗೆ ಮೊಣಕಾಲೂರಿ. ಸಭೆಯ ಮುಂದೆ ನಿಲ್ಲಿಸುವುದು ಬೇಡವೇ ಬೇಡ: ಬೆದರಿಸುವವರು ಮಾಡುತ್ತೇವೆಂದು ಹೇಳಿದ್ದನ್ನು ನಾವೇ ಮಾಡಿದಂತಾಗುತ್ತದೆ. ಸಭಾಪಾಲಕರಿಗೆ ತಿಳಿಸುವುದಾದರೆ ಅವನ ಒಪ್ಪಿಗೆ ಪಡೆದು ತಿಳಿಸಿ. ಕೀಬೋರ್ಡ್ ನುಡಿಸುವುದನ್ನು ಕೆಲವು ವಾರ ನಿಲ್ಲಿಸಬೇಕೆಂದು ಅವನಿಗೇ ಅನಿಸಿದರೆ ನಿಲ್ಲಿಸಲಿ, ನೀವಾಗಿ ಶಿಕ್ಷೆಯೆಂದು ಬಿಡಿಸಬೇಡಿ.

ಪ್ರಶ್ನೆ: ಆರಾಧನೆ ನೇರಪ್ರಸಾರವಾಗುತ್ತಿರುವಾಗ ಮನೆಯಲ್ಲೇ ಕುಟುಂಬ ಸಮೇತ ಕೂತು ನೋಡಿದರೆ ಸಾಲದೇ? — ಒಬ್ಬ ಓದುಗ

ಉತ್ತರ: ಬರಲಾಗದವರಿಗೆ ಅದು ದೇವರ ಕೊಡುಗೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಆರಾಧನೆ 1921ರ ಜನವರಿ 2ರಂದು ರೇಡಿಯೊದಲ್ಲಿ ಪ್ರಸಾರವಾದ ದಿನದಿಂದಲೂ ಹಾಸಿಗೆ ಹಿಡಿದ ಎಷ್ಟೋ ಜನರು ಈ ದಾರಿಯಿಂದ ಬಲ ಪಡೆದಿದ್ದಾರೆ. ಆದರೆ ಯೋಹಾನನು ತನ್ನ ಎರಡನೆಯ ಪತ್ರದ ಕೊನೆಯಲ್ಲಿ, ಬರೆಯುವುದು ಇನ್ನೂ ಬಹಳವಿದ್ದರೂ ಕಾಗದ ಮಸಿಗಳಿಂದ ಬರೆಯಲು ಮನಸ್ಸಿಲ್ಲ, ಮುಖಾಮುಖಿಯಾಗಿ ಮಾತಾಡಿದರೆ ನಮ್ಮ ಸಂತೋಷ ಪರಿಪೂರ್ಣವಾಗುವುದು ಎನ್ನುತ್ತಾನೆ. ಆ ಕಾಲದ ಸಂಪರ್ಕ ಸಾಧನವನ್ನು ಬಳಸಿಕೊಂಡೇ ಅದು ಸಾಲದೆಂದು ಬರೆದನು. ಮಕ್ಕಳಿರುವ ನಿಮಗೆ ಇದು ಇನ್ನೂ ಮುಖ್ಯ: ಮುದುಕರೊಬ್ಬರು ಕಣ್ಣುಮುಚ್ಚಿ ಪ್ರಾರ್ಥಿಸುವುದನ್ನು, ದುಃಖದಲ್ಲಿರುವವರ ಕೈಯನ್ನು ಪಕ್ಕದವರು ಹಿಡಿದುಕೊಳ್ಳುವುದನ್ನು ಮಕ್ಕಳು ಕಾಣುವುದು ಸಭೆಯ ನಡುವೆ ಕೂತಾಗ. ನೇರಪ್ರಸಾರದ ಕ್ಯಾಮರಾ ಆ ಕಡೆ ತಿರುಗುವುದಿಲ್ಲ. ಇಂಥ ಪ್ರಸಾರ ನಡೆಸುವ ಸಭೆಗಳಿಗೂ ಒಂದು ಹೊಣೆಯಿದೆ. ಮನೆಯಿಂದ ನೋಡುವ ಕಾಯಿಲಸ್ಥರು ಯಾರೆಂದು ತಿಳಿದು, ಅವರ ಮನೆಗೆ ಹೋಗಿಬರಬೇಕು.

ಪ್ರಶ್ನೆ: ಕರ್ತನ ಸ್ತುತಿಗೀತೆಯನ್ನೇ ಹಾಡಿ ಯೂಟ್ಯೂಬ್‌ಗೆ ಹಾಕಿದೆವು, ಕೃತಿಸ್ವಾಮ್ಯದ ಕಾರಣ ಹೇಳಿ ತಡೆದರು. ದೇವರ ಹಾಡಿಗೂ ಹಕ್ಕುದಾರರೇ? — ಗಾಯಕವೃಂದದ ಸದಸ್ಯೆ

ಉತ್ತರ: ಹೌದು, ಬರೆದವರಿಗೂ ರಾಗ ಹಾಕಿದವರಿಗೂ ಹಕ್ಕಿದೆ, ಕೆಲಸದವನು ತನ್ನ ಕೂಲಿಗೆ ಯೋಗ್ಯನು ಎಂಬ ಮಾತು (ಲೂಕ 10:7) ಗೀತೆ ರಚಿಸುವವರಿಗೂ ಸಲ್ಲುತ್ತದೆ. ಬಹಳ ಹಳೆಯ ಗೀತೆಗಳ ಸಾಹಿತ್ಯ ಮತ್ತು ರಾಗದ ಹಕ್ಕಿನ ಅವಧಿ ಮುಗಿದಿರುತ್ತದೆ, ಆದರೆ ಅವುಗಳ ಹೊಸ ಅನುವಾದಕ್ಕೆ, ಹೊಸ ಸಂಗೀತ ಸಂಯೋಜನೆಗೆ, ಹಿನ್ನೆಲೆಗೆ ಬಳಸಿದ ಟ್ರ್ಯಾಕ್‌ಗೆ ಬೇರೆ ಬೇರೆ ಹಕ್ಕುಗಳಿರಬಹುದು. ಯೂಟ್ಯೂಬ್‌ನ ಯಂತ್ರವು ಹಕ್ಕುದಾರರು ಕೊಟ್ಟ ಧ್ವನಿಯೊಂದಿಗೆ ನಿಮ್ಮದನ್ನು ಹೋಲಿಸಿ ನೋಡುವುದರಿಂದ, ಹೆಚ್ಚಿನ ತೊಂದರೆ ಈ ಟ್ರ್ಯಾಕ್‌ಗಳಿಂದಲೇ ಬರುತ್ತದೆ. ಸಭೆಯಲ್ಲಿ ಹಾಡಲು ಪಡೆದ ಅನುಮತಿ ನೇರಪ್ರಸಾರಕ್ಕೂ ಸಲ್ಲುತ್ತದೆಂದು ಭಾವಿಸಬೇಡಿ. ಅದನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. ನಿಮ್ಮ ಹಾಡಿನ ಹಕ್ಕು ಯಾರದೆಂದು ತಿಳಿದು ಪತ್ರ ಬರೆಯಿರಿ, ಒಪ್ಪಿಗೆ ಬರುವವರೆಗೆ ವಿಡಿಯೊವನ್ನು ತೆಗೆದಿಡಿ.